ಗೋದಾಮಿನಲ್ಲಿ ಓದು, ನಡುವೆ ಒಂದು ಮೊಳೆ

ಪುಸ್ತಕ ಬಿಡುಗಡೆ ಎಂದರೆ ನನಗೆ ಮೊದಲು ನೆನಪಾಗುವುದು ಹಾರಗಳ ಬುಟ್ಟಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಬಣ್ಣದ ಕಾಗದ ಬಿಚ್ಚಿ ಎದೆಯೆತ್ತರಕ್ಕೆ ಹಿಡಿದ ಪುಸ್ತಕ, ಫೋಟೊ, ಆಮೇಲೆ ಮುಗಿಯದ ಅಧ್ಯಕ್ಷ ಭಾಷಣ. ಇಷ್ಟೆಲ್ಲ ಆದರೂ ಆ ಪುಸ್ತಕದ ಒಂದು ಪುಟವನ್ನೂ ಯಾರೂ ಓದಿರುವುದಿಲ್ಲ. ಶಿವಮೊಗ್ಗದ ಅಚ್ಚುಕೂಟಗಳಲ್ಲಿ ಮೊದಲು ಸೀಸದ ಅಕ್ಷರಗಳಾದ ಮೊಳೆ ಜೋಡಿಸಿಕೊಂಡು, ಆಮೇಲೆ ಕಂಪ್ಯೂಟರಿನ ಮುಂದೆ, ಈಗ ಮನೆಯಲ್ಲೇ ಕರಡು ತಿದ್ದಿಕೊಂಡು ಇರುವ ನನಗೆ ಇಂಥ ಸಭೆಗಳ ಕರೆಯೋಲೆ ತಪ್ಪುವುದಿಲ್ಲ. ಹೋಗುತ್ತೇನೆ, ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ, ವಂದನಾರ್ಪಣೆಗೆ ಮೊದಲೇ ಎದ್ದು ಬರುತ್ತೇನೆ.

ಕಳೆದ ಡಿಸೆಂಬರಿನ ಒಂದು ಶನಿವಾರ ಮಾತ್ರ ಕೊನೆಯ ತನಕ ಕುಳಿತೆ. ಸಿಟಿ ಬಸ್ಸು ತಪ್ಪಿತು, ಆಟೋದವನಿಗೆ ನೂರಿಪ್ಪತ್ತು ರೂಪಾಯಿ ತೆತ್ತೆ. ಊರಿನ ಒಂದು ಹೊಸ ಪ್ರಕಾಶನ ತನ್ನ ಪುಸ್ತಕಗಳನ್ನು ಜನರ ಮುಂದೆ ಓದಿಸಿದ ಆ ಸಂಜೆಯ ಬಗ್ಗೆ ಈ ನಾಲ್ಕು ಮಾತು. ಪ್ರಕಾಶನದ ಹೆಸರನ್ನು ಹಾಕುತ್ತಿಲ್ಲ. ಹೊಗಳಿಕೆಯ ಜೊತೆ ಗೊಣಗಾಟವೂ ಇದೆ, ಅವರಾದರೋ ಕಣ್ಣು ಬಿಡುತ್ತಿರುವ ಮಂದಿ. ಊರಿನವರಿಗೆ ಯಾರೆಂದು ಹೇಗೂ ತಿಳಿಯುತ್ತದೆ.

ಜಾಗ ಗಾಂಧಿ ಬಜಾರಿನ ಹಿಂದಿನ ಒಂದು ಓಣಿ. ಹಿಂದೆ ಅಡಿಕೆ ಮೂಟೆ ತುಂಬುತ್ತಿದ್ದ ಹೆಂಚಿನ ಗೋದಾಮು. ಮೂಟೆಗಳು ಹೋಗಿ ಎಷ್ಟೋ ವರ್ಷವಾದರೂ ಗೋಡೆಯಿಂದ ಅಡಿಕೆ ಬೇಯಿಸಿದ ಚೊಗರಿನ ಒಗರು ವಾಸನೆ ಬರುತ್ತಲೇ ಇದೆ. ಒಂದು ಕಂಬದ ಮೇಲೆ ಯಾರೋ ಗುಮಾಸ್ತ ಸೀಮೆಸುಣ್ಣದಲ್ಲಿ ‘ಬೆಟ್ಟೆ’, ‘ರಾಶಿ’ ಎಂದು ಅಡಿಕೆಯ ಬಗೆಗಳನ್ನು ಬರೆದು ಲೆಕ್ಕದ ಗೀಟು ಎಳೆದದ್ದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ವೇದಿಕೆ ಇಲ್ಲ. ಒಂದು ಮೇಜು, ಒಂದು ದೀಪ, ಒಂದು ಮರದ ಕುರ್ಚಿ. ಓದುವವರು ಕುಳಿತೇ ಓದಬೇಕು. ಕೇಳುವವರಿಗೆ ಪ್ಲಾಸ್ಟಿಕ್ ಕುರ್ಚಿ ನಲವತ್ತು. ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ತೋಟದವರು ತಡವಾಗಿ ಬಂದರು. ಏಳು ಗಂಟೆಗೆ ಎಣಿಸಿದಾಗ ಮೂವತ್ತೆಂಟು ತಲೆಗಳಿದ್ದವು.

ಮೈಕು ಇಟ್ಟಿರಲಿಲ್ಲ. ಒಳ್ಳೆಯದೇ ಆಯಿತು. ಆದರೆ ಹೆಂಚಿನ ಮಾಡಿನ ಕೆಳಗೆ ಸಣ್ಣ ದನಿ ಹಿಂದಿನ ಸಾಲಿಗೆ ತಲುಪುವುದಿಲ್ಲ ಎಂಬುದನ್ನು ಮೊದಲೇ ಒಮ್ಮೆ ಓದಿಸಿ ನೋಡಬಹುದಿತ್ತು. ನನ್ನ ಪಕ್ಕದವರು ಇಡೀ ಸಂಜೆ ಕಿವಿಗೆ ಕೈ ಅಡ್ಡ ಹಿಡಿದುಕೊಂಡೇ ಇದ್ದರು.

ಪ್ರಕಾಶನ ನಡೆಸುತ್ತಿರುವವಳು ಮೂವತ್ತೈದರ ಆಸುಪಾಸಿನ ಹುಡುಗಿ, ಬೆಂಗಳೂರಿನ ಕೆಲಸ ಬಿಟ್ಟು ಬಂದವಳು. ಬಾಗಿಲಲ್ಲೇ ನಿಂತು “ಬನ್ನಿ ಸರ್, ಮುಂದೆ ಕುಳಿತುಕೊಳ್ಳಿ” ಎಂದಳು. “ಬೇಡಮ್ಮ, ನನಗೆ ಹಿಂದೆಯೇ ಅಭ್ಯಾಸ” ಎಂದೆ. ಸ್ವಾಗತ ಭಾಷಣ ಅಷ್ಟೇ. ಆರು ಗಂಟೆಗೆ ಎಂದು ಹೇಳಿ ಆರು ಹತ್ತಕ್ಕೆ ಶುರು ಮಾಡಿದರು. ನಮ್ಮ ಊರಿನ ಮಟ್ಟಿಗೆ ಇದು ದಾಖಲೆ.

ಓದಿದ್ದನ್ನು ಕೂತು ಕೇಳುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಪೇಟೆಯಿಂದ ಅಷ್ಟೇನೂ ದೂರವಿಲ್ಲದ ಹೊಸಹಳ್ಳಿ, ಮತ್ತೂರುಗಳಲ್ಲಿ ಗಮಕ ಮನೆಮನೆಯ ಮಾತು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ತುಂಗೆಯ ದಂಡೆಯಲ್ಲಿ ಹೋಗಿ ಕೇಳಿದ್ದೇನೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ವಾಚಿಸಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಆ ನಿಲುಗಡೆಯಲ್ಲಿ ಕೇಳುವವನಿಗೂ ಉಸಿರು ಸಿಗುತ್ತದೆ. ಗದ್ಯ ಓದುವವರಿಗೆ ಅಂಥ ಜೊತೆಗಾರರಿಲ್ಲ, ನಿಲ್ಲಬೇಕಾದ ಕಡೆ ತಾವೇ ನಿಲ್ಲಬೇಕು. ಅಂದು ಓದಿದ ಮೂವರಲ್ಲಿ ಇಬ್ಬರಿಗೆ ಅದು ಗೊತ್ತಿತ್ತು.

ಗೊತ್ತಿಲ್ಲದವನದನ್ನು ಮೊದಲು ಮುಗಿಸಿಬಿಡುತ್ತೇನೆ. ಕವಿತೆ ಓದಿದ ಹುಡುಗ ಮೊಬೈಲ್ ನೋಡಿಕೊಂಡು ಓದಿದ. ಪರದೆ ಆಗಾಗ ಆರುತ್ತಿತ್ತು, ಆರಿದಾಗಲೆಲ್ಲ ಬೆರಳಿಂದ ಮುಟ್ಟಿ ಎಬ್ಬಿಸುತ್ತಿದ್ದ. ಪರದೆ ಆರಿದಲ್ಲೆಲ್ಲ ಸಾಲು ಮುರಿಯಿತು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅಚ್ಚಿನಲ್ಲಿ ಸಾಲುಗಳು ಬೇರೆಯೇ ಕಡೆ ಮುರಿದಿದ್ದವು, ಚೆನ್ನಾಗಿಯೇ ಮುರಿದಿದ್ದವು. ತನ್ನ ಪುಸ್ತಕ ಪಕ್ಕದ ಮೇಜಿನ ಮೇಲೆ ರಾಶಿ ಬಿದ್ದಿರುವಾಗ ಫೋನು ಏಕೆ ಬೇಕಾಗಿತ್ತೋ.

ಎರಡನೆಯದಾಗಿ ಓದಿದ್ದು ಸಾಗರದ ಕಡೆಯ ಒಬ್ಬ ಶಿಕ್ಷಕಿ. ಹನ್ನೆರಡು ನಿಮಿಷ, ಒಂದೇ ಕಥೆ. ತರಗತಿಯಲ್ಲಿ ಪಾಠ ಓದಿಸಿ ಪಳಗಿದ ಗಂಟಲು. ಪೂರ್ಣವಿರಾಮಕ್ಕೆ ನಿಲ್ಲುತ್ತಾರೆ, ಅಲ್ಪವಿರಾಮಕ್ಕೆ ಅರ್ಧ ನಿಲ್ಲುತ್ತಾರೆ, ಪಾತ್ರಗಳ ದನಿ ಬದಲಿಸಿ ನಾಟಕ ಮಾಡುವುದಿಲ್ಲ. ಮೂರನೆಯ ಪುಟದಲ್ಲಿ ತಟ್ಟನೆ ಎಡವಿದರು. ‘ಮೊಳೆ ಬಿದ್ದ ರಾತ್ರಿ’ ಎಂದು ಓದಿಬಿಟ್ಟರು. ಪುಸ್ತಕವನ್ನು ಕಣ್ಣಿನ ಹತ್ತಿರ ತಂದು ನೋಡಿ, “ಹೀಗೇ ಅಚ್ಚಾಗಿದೆ ರೀ” ಎಂದು ನಕ್ಕರು. ಬರೆದದ್ದು ಮಳೆ. ಬರೆದವರು, ಟೈಪು ಮಾಡಿದವರು, ಎರಡು ಸಲ ಕರಡು ನೋಡಿದವರು ಎಲ್ಲರ ಕಣ್ಣನ್ನೂ ದಾಟಿಕೊಂಡು ಆ ಒಕಾರ ಅಲ್ಲಿ ಕೂತಿತ್ತು. ಕಣ್ಣು ಇರಬೇಕಾದ್ದನ್ನೇ ಓದಿಕೊಂಡು ಹೋಗುತ್ತದೆ. ಬಾಯಿಗೆ ಆ ಚಾಲಾಕಿತನವಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿ ಸಿಕ್ಕಿಬೀಳುತ್ತದೆ.

ಗೋದಾಮೆಲ್ಲ ನಕ್ಕಿತು. ನಾನು ನಗಲಿಲ್ಲ. ನನ್ನ ಪಾಲಿಗೆ ಮೊಳೆ ಬಿದ್ದ ರಾತ್ರಿ ನಿಜಕ್ಕೂ ಒಂದಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮರುದಿನ ಬೆಳಗ್ಗೆ ಮದುವೆಯಿದ್ದವರ ಕಾರ್ಡು ಅಲ್ಲ, ಒಂದು ಇಡೀ ಲೇಖನ. ಮೂರು ದಿನ ಕೂತು ಜೋಡಿಸಿದ್ದ ಮೊಳೆಗಳ ತಟ್ಟೆಯನ್ನು, ಅಂದರೆ ಗ್ಯಾಲಿಯನ್ನು, ಮೆಷಿನ್ನಿನ ಕಡೆ ಒಯ್ಯುವಾಗ ಕರೆಂಟು ಹೋಯಿತು. ಕಾಲು ಎಡವಿತು. ಸೀಸದ ಮೊಳೆಗಳು ಸಿಮೆಂಟು ನೆಲದ ಮೇಲೆ ಚೆಲ್ಲುವ ಸದ್ದು ಅಕ್ಕಿ ಚೆಲ್ಲಿದ ಹಾಗಿರುವುದಿಲ್ಲ, ಮುಗಿಯುವುದೇ ಇಲ್ಲ ಎನ್ನಿಸುತ್ತದೆ. ಕನ್ನಡದ ಮೊಳೆ ಎಂದರೆ ಅಕ್ಷರ ಬೇರೆ, ಗುಣಿತ ಬೇರೆ, ಒತ್ತು ಬೇರೆ. ಮೊಳೆ ತುಂಬುವ ಒಂದು ಕೇಸಿನಲ್ಲಿ ಮುಗಿಯುವ ಸಂಸಾರವಲ್ಲ. ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಬೆಳಗಿನ ಜಾವದ ತನಕ ಮೊಣಕಾಲೂರಿ ಹೆಕ್ಕಿದೆ. ಯಜಮಾನರು ಬೈಯಲಿಲ್ಲ. ಟೀ ತರಿಸಿಕೊಟ್ಟು, “ಯ ಒತ್ತು ಇನ್ನೂ ಆರು ಸಿಗಬೇಕು, ನೋಡು” ಎಂದರು.

ಹಾಗಾಗಿ ಶಿಕ್ಷಕಿಯ ಕಥೆಯ ಉಳಿದ ಐದು ನಿಮಿಷ ನನ್ನ ಕಿವಿಗೆ ಬೀಳಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದು ಓದಿದೆ. ಕಥೆ ಚೆನ್ನಾಗಿದೆ, ಕೊನೆಯ ಪ್ಯಾರಾ ಬೇಕಿರಲಿಲ್ಲ.

ನಡುವೆ ಕಷಾಯ, ಕೋಡುಬಳೆ, ತೊಡೆದೇವು ಎಂಬ ನಮ್ಮ ಕಡೆಯ ಗರಿಗರಿ ಸಿಹಿ. ಕಷಾಯಕ್ಕೆ ಜೋನಿಬೆಲ್ಲ ಹಾಕಿದ್ದರು, ಎರಡು ಲೋಟ ಕುಡಿದೆ. ತೊಡೆದೇವು ಕಾಗದಕ್ಕಿಂತ ತೆಳ್ಳಗಿತ್ತು. ಮಾಡಿದವರ ಕೈ ಪಳಗಿದ ಕೈ. ಆದರೆ ಅದನ್ನು ಓದಿನ ನಡುವೆ ಹಂಚಬಾರದಿತ್ತು. ಮೂವತ್ತೆಂಟು ಜನ ಒಟ್ಟಿಗೆ ತೊಡೆದೇವು ಮುರಿದರೆ ಒಣಗಿದ ತರಗೆಲೆಯ ಮೇಲೆ ದನ ನಡೆದ ಹಾಗಾಗುತ್ತದೆ. ಸಾಲದ್ದಕ್ಕೆ ಯಾರದೋ ಸ್ಟೀಲ್ ಲೋಟ ಉರುಳಿ ಮೇಜಿನ ಕೆಳಗೆ ಹೋಯಿತು.

ಈ ಗಲಾಟೆಯನ್ನು ಅಡಗಿಸಿದ್ದು ಮೂರನೆಯ ಓದು. ಎಂಬತ್ತು ದಾಟಿದ ಒಬ್ಬ ಹಿರಿಯರ ನೆನಪುಗಳು. ಶರಾವತಿಯ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲಕ್ಕೆ ಮನೆ, ಗದ್ದೆ, ತೋಟ ಬಿಟ್ಟು ಹೊರಟ ಸಂಸಾರಗಳಲ್ಲಿ ಅವರದೂ ಒಂದು. ಕಣ್ಣು ಮಂಜಾಗಿರುವುದರಿಂದ ಮೊಮ್ಮಗಳು ಓದಿದಳು, ಅಜ್ಜ ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತು ಕೇಳಿದರು. ಗಾಡಿಗೆ ಏರಿಸಿದ ಸಾಮಾನುಗಳ ಭಾಗ ಅದು. ಕಿತ್ತು ತೆಗೆದ ಹೆಬ್ಬಾಗಿಲು, ಬೀಸುವ ಕಲ್ಲು, ಕಡೆಗೋಲು, ಮಣೆಗಳು, ಬಾವಿಯ ರಾಟೆ. ಅಳುವಿನ ಒಂದು ಪದವೂ ಇಲ್ಲ, ಬರೀ ಪಟ್ಟಿ. ಹುಡುಗಿ “ಮಿಡಿ ಉಪ್ಪಿನಕಾಯಿಯ ಭರಣಿ ಎರಡು” ಎಂದು ಓದಿದಳು.

“ಎರಡಲ್ಲ ಪುಟ್ಟಿ, ಮೂರು” ಎಂದರು ಅಜ್ಜ, ಕುಳಿತಲ್ಲಿಂದಲೇ.

ಅವಳು ಪುಸ್ತಕ ನೋಡಿದಳು. “ಇಲ್ಲಿ ಎರಡು ಎಂದಿದೆಯಲ್ಲ ಅಜ್ಜ.”

“ಮುಟ್ಟಿದ್ದು ಎರಡು. ಏರಿಸಿದ್ದು ಮೂರು. ಒಂದು ದಾರಿಯಲ್ಲಿ ಒಡೆಯಿತು. ಅಮ್ಮ ಗಾಡಿ ನಿಲ್ಲಿಸಿ ಮಿಡಿಗಳನ್ನು ಸೆರಗಿಗೆ ತುಂಬಿಕೊಂಡಳು.”

ಅರವತ್ತು ವರ್ಷದಲ್ಲಿ ಇದನ್ನು ಅವರು ಎಂದೂ ಹೇಳಿರಲಿಲ್ಲವಂತೆ, ಬರೆಯುವಾಗಲೂ ನೆನಪಾಗಿರಲಿಲ್ಲವಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೋಡೆಗೊರಗಿ ನಿಂತಿದ್ದ ಪ್ರಕಾಶಕಿ ತನ್ನ ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಏನೋ ಗುರುತು ಹಾಕಿಕೊಂಡಳು.

ಆ ಪೆನ್ಸಿಲ್ಲು ನನ್ನ ಕುತೂಹಲ ಕೆರಳಿಸಿತು. ಮುಗಿದ ಮೇಲೆ ಕೇಳಿದೆ. ಅವರ ಲೆಕ್ಕಾಚಾರ ಹೀಗಿದೆ: ಒಂದು ಪುಸ್ತಕಕ್ಕೆ ಒಟ್ಟು ಮುನ್ನೂರು ಪ್ರತಿ. ಮೊದಲು ಡಿಜಿಟಲ್ ಮುದ್ರಣದಲ್ಲಿ ಐವತ್ತು. ಅದನ್ನು ಹೀಗೆ ಜನರ ಮುಂದೆ ಓದಿಸಿ, ತಿದ್ದಿಕೊಂಡು, ಉಳಿದ ಇನ್ನೂರೈವತ್ತು. ನಮ್ಮ ಕಾಲದಲ್ಲಿ ಕನ್ನಡ ಪುಸ್ತಕ ಎಂದರೆ ಕಣ್ಣು ಮುಚ್ಚಿ ಸಾವಿರ ಪ್ರತಿ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಕಡಿಮೆ ಹಾಕಿಸಿದರೆ ಪ್ರತಿಯೊಂದರ ಬೆಲೆ ಏರುತ್ತಿತ್ತು. ಹಾಗೆ ಹಾಕಿಸಿ ಕವಿಗಳ ಮಂಚದ ಕೆಳಗೆ ಗೆದ್ದಲು ತಿಂದದ್ದನ್ನು ಕಂಡಿದ್ದೇನೆ. ಗ್ರಂಥಾಲಯದ ಸಗಟು ಖರೀದಿಯನ್ನು ಈ ಹುಡುಗಿ ನೆಚ್ಚಿಕೊಂಡಿಲ್ಲ. ಓದಿಸಿದ ಸಂಜೆ ಇಪ್ಪತ್ತು, ಅಂಚೆಯಲ್ಲಿ ನೂರು, ಉಳಿದದ್ದು ಹಾಗೂ ಹೀಗೂ ಎನ್ನುತ್ತಾಳೆ.

ಅಂದರೆ ನಾವು ಮೂವತ್ತೆಂಟು ಜನ ಕೇಳುಗರಲ್ಲ, ಕರಡು ತಿದ್ದಲು ಕುಳಿತವರು. ಪುಕ್ಕಟೆ ದುಡಿಸಿಕೊಂಡಳು ಎಂದು ಹೇಳಿದ್ದಕ್ಕೆ, “ಕಷಾಯ ಕೊಟ್ಟಿದ್ದೇನಲ್ಲ ಸರ್” ಎಂದಳು.

ಇನ್ನು ಪುಸ್ತಕದ ಬಗ್ಗೆ, ಕಸುಬಿನವನಾಗಿ. ಕಥೆಗಳ ಪುಸ್ತಕ ಡೆಮಿ ಅಷ್ಟದಳ, 112 ಪುಟ, ಫಾರಮ್ಮಿಗೆ ಹದಿನಾರು ಪುಟದಂತೆ ಸರಿಯಾಗಿ ಏಳು ಫಾರಂ. ಬೆಲೆ ₹140, ನ್ಯಾಯವಾದ ಬೆಲೆ. ಕಾಗದ ದಾಂಡೇಲಿಯದಂತೆ, ನಸು ಹಳದಿ, ಕಣ್ಣಿಗೆ ಹಿತ. 1936ರಲ್ಲಿ ಹುಟ್ಟಿದ ಪೇಪರ್ ಮಿಲ್ಲು ಪಕ್ಕದ ಭದ್ರಾವತಿಯಲ್ಲೇ ಇದ್ದು, ಈಗ ಸದ್ದಡಗಿ, ಕಾಗದ ಘಟ್ಟದ ಇನ್ನೊಂದು ತುದಿಯಿಂದ ಬರಬೇಕಾಗಿದೆ. ಅದು ಬೇರೆ ಸಂಕಟ. ಮುಖಪುಟದಲ್ಲಿ ಚಿತ್ರವಿಲ್ಲ, ಹೆಸರು ಮಾತ್ರ, ಇಷ್ಟವಾಯಿತು.

ಇಷ್ಟವಾಗದ್ದು ಎರಡು. ಸಾಲುಗಳ ನಡುವಿನ ಜಾಗ ಸಾಲದು. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿನ ತಲೆಗೆ ತಾಗುತ್ತದೆ. ಮೊಳೆಯ ಕಾಲದಲ್ಲಿ ಸಾಲಿಗೊಂದು ಸೀಸದ ಪಟ್ಟಿ ಇಡುತ್ತಿದ್ದೆವು, ತಾಗಬೇಕೆಂದರೂ ತಾಗುತ್ತಿರಲಿಲ್ಲ. ಇಂಗ್ಲಿಷಿಗೆ ಸಾಲುವ ಅಂತರ ಕನ್ನಡಕ್ಕೆ ಸಾಲುವುದಿಲ್ಲ ಎಂಬುದನ್ನು ಕಂಪ್ಯೂಟರಿಗೆ ಯಾರಾದರೂ ಹೇಳಬೇಕು. ಇನ್ನೊಂದು ಬೈಂಡಿಂಗು. ಹೊಲಿಗೆ ಇಲ್ಲ, ಬರೀ ಅಂಟು. ನಡುವೆ ಬಿಚ್ಚಿ ಹಿಡಿದರೆ ಚಟ್ಟೆಂದು ಸದ್ದು ಮಾಡುತ್ತದೆ. ನಮ್ಮ ಮಲೆನಾಡಿನ ಒಂದು ಮಳೆಗಾಲ ಕಳೆದು, ಬೂಷ್ಟು ಒರೆಸಿ, ಬಿಸಿಲಿಗೆ ಒಣಹಾಕಿ ತೆಗೆಯುವಷ್ಟರಲ್ಲಿ ಈ ಅಂಟು ಏನಾಗಿರುತ್ತದೋ. ಇನ್ನೂ ಹದಿನೈದು ರೂಪಾಯಿ ಹೆಚ್ಚು ಮಾಡಿ ಹೊಲಿಸಲಿ, ಕೊಡುತ್ತೇವೆ. ಅವಳಿಗೂ ಹೇಳಿದ್ದೇನೆ. ಬರೆದುಕೊಂಡಳು.

ಹಣ ಕೊಡುವಲ್ಲಿ ಸ್ವಲ್ಪ ಪರದಾಟ. ದಪ್ಪ ಗೋಡೆಯೊಳಗೆ ನೆಟ್‌ವರ್ಕ್ ಸಿಗದೆ ಜನ ಫೋನು ಎತ್ತಿ ಹಿಡಿದು ಬಾಗಿಲಿಗೂ ಮೇಜಿಗೂ ಓಡಾಡಿದರು. ನಗದು ಒಯ್ಯುವುದು ಒಳ್ಳೆಯದು. ಸೊಳ್ಳೆಯೂ ಇದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಎಂಟೂವರೆಗೆ ಮುಗಿಯುತ್ತದೆ ಎಂದು ಕರೆಯೋಲೆಯಲ್ಲಿದ್ದರೂ ಒಂಬತ್ತು ದಾಟಿತು. ದೂರದ ಬಡಾವಣೆಯವರು ಹಿಂದಿರುಗುವ ದಾರಿ ನೋಡಿಕೊಂಡೇ ಬರಬೇಕು. ಎರಡು ತಿಂಗಳಿಗೊಮ್ಮೆ ನಡೆಸುತ್ತಾರಂತೆ, ಮುಂದಿನದು ಫೆಬ್ರವರಿಯಲ್ಲಿ. ನಾನು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವನಿದ್ದೇನೆ, ದನಿ ಕೇಳಬೇಕಲ್ಲ.

ಹೊರಡುವಾಗ ಪ್ರಕಾಶಕಿ ತಡೆದು, “ತಿದ್ದಿದ ಪ್ರತಿ ಬಂದ ಮೇಲೆ ಇದನ್ನು ತಂದುಕೊಡಿ ಸರ್, ಬದಲಾಯಿಸಿ ಕೊಡುತ್ತೇನೆ” ಎಂದಳು. ಮೊದಲ ಐವತ್ತನ್ನು ಕೊಂಡವರಿಗೆಲ್ಲ ಈ ಮಾತು ಕೊಟ್ಟಿದ್ದಾಳೆ. ನನ್ನದನ್ನು ಬದಲಾಯಿಸುವುದು ಬೇಡ ಎಂದೆ. ಏಕೆಂದು ಕೇಳಿದಳು. ಆಟೋದವನು ಹಾರ್ನ್ ಹೊಡೆಯುತ್ತಿದ್ದ.