ಮೊದಲ ಓವರ್‌ಕ್ಲಾಕಿಂಗ್‌ಗೆ ರೈಜನ್ 5 5600: ವೇಗ ಏರಿಸುವ ಮೊದಲು ವೋಲ್ಟೇಜ್ ಇಳಿಸಿ

ಮನೆಯ ಕಂಪ್ಯೂಟರನ್ನು ಮೊದಲ ಸಲ ಓವರ್‌ಕ್ಲಾಕ್ ಮಾಡಲು, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು, ಹೊರಟವರಿಗೆ ಎಎಂಡಿಯ ರೈಜನ್ 5 5600 ಇವತ್ತಿಗೂ ಒಳ್ಳೆಯ ಪ್ರೊಸೆಸರ್. 2022ರ ಏಪ್ರಿಲ್‌ನಲ್ಲಿ ಬಂದ ಚಿಪ್ ಇದು. ಆರು ಕೋರ್, ಹನ್ನೆರಡು ಥ್ರೆಡ್, 32 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ); ಮೂಲ ವೇಗ 3.5 ಗಿಗಾಹರ್ಟ್ಸ್, ಬೂಸ್ಟ್ 4.4. ವೇಗವನ್ನು ನಿರ್ಧರಿಸುವ ಗುಣಕಕ್ಕೆ, ಅಂದರೆ ಮಲ್ಟಿಪ್ಲೈಯರ್‌ಗೆ, ಬೀಗ ಹಾಕಿಲ್ಲ. ಇಂಟೆಲ್‌ನಲ್ಲಿ ಈ ಸೌಕರ್ಯ ಬೇಕಿದ್ದರೆ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ಝಡ್ ಸರಣಿಯ ಮದರ್‌ಬೋರ್ಡ್, ಎರಡಕ್ಕೂ ಹೆಚ್ಚು ದುಡ್ಡು ಹಾಕಬೇಕು. ಇಲ್ಲಿ ಬಿ450 ಅಥವಾ ಬಿ550 ಬೋರ್ಡ್ ಸಾಕು. ಎ320 ಮತ್ತು ಎ520 ಬೋರ್ಡ್‌ಗಳಲ್ಲಿ ಮಾತ್ರ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ; ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗದ ಬೋರ್ಡ್ ಕೈಗೆ ಬಂದರೆ ಮೊದಲು ಚಿಪ್‌ಸೆಟ್ ಹೆಸರು ಓದಿ.

ಈ ಚಿಪ್ಪನ್ನು ಹೊಗಳಲು ಮುಖ್ಯ ಕಾರಣ ಕರ್ವ್ ಆಪ್ಟಿಮೈಸರ್ ಎಂಬ ಸೌಲಭ್ಯ. ಓವರ್‌ಕ್ಲಾಕಿಂಗ್ ಎಂದರೆ ಮಲ್ಟಿಪ್ಲೈಯರ್ ಏರಿಸು, ವೋಲ್ಟೇಜ್ ಏರಿಸು ಎಂಬ ಹಳೆಯ ಪಾಠ ಇಲ್ಲಿ ನಷ್ಟಕ್ಕೇ ದಾರಿ. ಎಲ್ಲ ಕೋರ್‌ಗಳನ್ನೂ 4.6 ಗಿಗಾಹರ್ಟ್ಸ್‌ಗೆ ನಿಲ್ಲಿಸಿ ವೋಲ್ಟೇಜನ್ನೂ ಕಟ್ಟಿಹಾಕಿದರೆ, ಕೋರ್ ಕೋರ್‌ಗೆ ಬೇಕಾದಷ್ಟು ಮಾತ್ರ ವಿದ್ಯುತ್ ಕೊಡುವ ಚಿಪ್ಪಿನ ಸ್ವಂತ ಜಾಣತನ ಕೆಲಸ ಮಾಡುವುದೇ ಇಲ್ಲ. ಹಗುರ ಕೆಲಸದಲ್ಲೂ ವೋಲ್ಟೇಜ್ ಇಳಿಯುವುದಿಲ್ಲ, ಭಾರಿ ಕೆಲಸದಲ್ಲಿ ಬಿಸಿ ವಿಪರೀತ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಯಾವ ಸೆಟ್ಟಿಂಗೂ ಮುಟ್ಟದೆ, ಚಿಪ್ಪಿನ ವೇಗ, ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ತಂತ್ರಾಂಶ ತೆರೆದರೆ ಕೋರ್ ವೋಲ್ಟೇಜ್ 1.4 ವೋಲ್ಟ್ ದಾಟಿದ್ದು ಕಾಣಬಹುದು. ಅದನ್ನು ನೋಡಿ, ಕಂಪನಿಯೇ 1.4 ಕೊಡುತ್ತಿದೆ, ನಾನೂ ಕೊಡಬಹುದು ಎಂದುಕೊಳ್ಳುತ್ತಾರೆ. ಕೊಡಬಾರದು. ಒಂದೆರಡು ಕೋರ್ ಮಾತ್ರ ಓಡುವಾಗ ಹರಿಯುವ ಆಂಪಿಯರ್ ಕಡಿಮೆ, ಹಾಗಾಗಿ ಆ ವೋಲ್ಟೇಜ್ ಹಾನಿ ಮಾಡುವುದಿಲ್ಲ. ಅದೇ ವೋಲ್ಟೇಜನ್ನು ಆರೂ ಕೋರ್‌ಗೆ ಪೂರ್ಣ ಹೊರೆಯಲ್ಲಿ ಕಾಯಂ ಮಾಡಿದರೆ ಚಿಪ್ಪಿನ ಆಯಸ್ಸು ಸವೆಯುತ್ತದೆ. ಕಾಯಂ ವೇಗವೇ ಬೇಕೆಂಬ ಹಟವಿದ್ದರೆ 1.25 ವೋಲ್ಟ್ ದಾಟಬೇಡಿ.

ಕರ್ವ್ ಆಪ್ಟಿಮೈಸರ್ ಮಾಡುವುದು ಇದಕ್ಕೆ ಉಲ್ಟಾ ಕೆಲಸ. ಪ್ರತಿ ವೇಗಕ್ಕೂ ಇಷ್ಟು ವೋಲ್ಟೇಜ್ ಎಂದು ಕಾರ್ಖಾನೆಯಲ್ಲೇ ಗೊತ್ತುಮಾಡಿರುತ್ತಾರೆ, ಮತ್ತು ಎಲ್ಲ ಪರಿಸ್ಥಿತಿಯಲ್ಲೂ ನಡೆಯಲಿ ಎಂದು ಒಂದಿಷ್ಟು ಹೆಚ್ಚುವರಿ ಇಟ್ಟಿರುತ್ತಾರೆ. ಆ ಹೆಚ್ಚುವರಿಯನ್ನು ಕೋರ್‌ವಾರು ಕತ್ತರಿಸಲು ಇದು ಅವಕಾಶ ಕೊಡುತ್ತದೆ. ಒಂದು ಅಂಕ ಎಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ಮೈನಸ್ 30ರವರೆಗೆ ಹೋಗಬಹುದು. ವೋಲ್ಟೇಜ್ ಇಳಿದರೆ ಬಿಸಿಯೂ ವಿದ್ಯುತ್ ಬಳಕೆಯೂ ಇಳಿಯುತ್ತವೆ. ಉಳಿದ ಆ ಅವಕಾಶದಲ್ಲಿ ಚಿಪ್ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ.

ಕೈ ಹಾಕುವ ಮೊದಲು ಮೂರು ತಯಾರಿ ಬೇಕೇ ಬೇಕು. ಮುಖ್ಯ ಫೈಲ್‌ಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದೆಯೇ ನೋಡಿ, ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ: ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದಾಗ ಪ್ರೊಸೆಸರ್ ಒಳಗೆ ಬೀಗದ ಗುಟ್ಟನ್ನು ಕಾಪಾಡುವ ಟಿಪಿಎಂ ಅಳಿಸಿಹೋಗಿ, ಆ ಕೀ ಇಲ್ಲದೆ ಡಿಸ್ಕ್ ತೆರೆಯದ ಪರಿಸ್ಥಿತಿ ಬರಬಹುದು. ಮೂರನೆಯದು ಬಯೋಸ್ ಅಪ್‌ಡೇಟ್ ತಾನೇ. ಹಳೆಯ ಬಿ450 ಬೋರ್ಡ್‌ಗಳಿಗೆ ಇದಿಲ್ಲದೆ 5600 ಗುರುತೇ ಸಿಗುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡ್ ಸತ್ತಂತೆ. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಗಾಳಿಯ ಸಂಜೆ ಈ ಕೆಲಸ ಬೇಡ.

ಈಗ ಕೂಲರ್ ವಿಷಯ. ಪೆಟ್ಟಿಗೆಯ ಜೊತೆ ಬರುವ ರೇತ್ ಸ್ಟೆಲ್ತ್ ಈ ಉತ್ಪನ್ನದ ದುರ್ಬಲ ಭಾಗ. ಚಿಪ್ಪಿನ ಮಿತಿ 90 ಡಿಗ್ರಿ. ಬೇಸಿಗೆಯ ಕಲಬುರಗಿ, ರಾಯಚೂರಿನ ಕೋಣೆಯಲ್ಲಿ ಎ.ಸಿ. ಇಲ್ಲದಿದ್ದರೆ ಮೂಲ ಸೆಟ್ಟಿಂಗ್‌ನಲ್ಲೇ ಪೂರ್ಣ ಹೊರೆ ಬಿದ್ದಾಗ ಆ ಮಿತಿಗೆ ತೀರ ಹತ್ತಿರ ಹೋಗುತ್ತದೆ. ಸ್ಟೆಲ್ತ್ ಇಟ್ಟುಕೊಂಡೇ ಮುಂದುವರಿಯುವುದಾದರೆ ವೋಲ್ಟೇಜ್ ಇಳಿಸುವಲ್ಲಿಗೆ ನಿಲ್ಲಿಸಿ. ಬಿಸಿ ತಗ್ಗುವುದೇ ದೊಡ್ಡ ಲಾಭ. ವೇಗವೂ ಬೇಕೆಂದರೆ ನಾಲ್ಕು ಹೀಟ್‌ಪೈಪ್, 120 ಮಿ.ಮೀ. ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ಸಾಕು. ನೀರಿನ ಕೂಲರ್ ಈ ಚಿಪ್ಪಿಗೆ ಅನವಶ್ಯಕ ಖರ್ಚು.

ಹಳೆಯ ಕೂಲರ್ ಬಿಚ್ಚುವಾಗ ತುಂಬ ಎಚ್ಚರ ಬೇಕು. ಈ ಚಿಪ್ ಕೂರುವ ಸಾಕೆಟ್‌ನ ಹೆಸರು ಎಎಂ4; ಇದರಲ್ಲಿ ಪಿನ್‌ಗಳಿರುವುದು ಸಾಕೆಟ್‌ನಲ್ಲಲ್ಲ, ಪ್ರೊಸೆಸರ್‌ನಲ್ಲಿ, 1331 ಇವೆ. ಚಿಪ್ ಮತ್ತು ಕೂಲರ್ ನಡುವಿನ, ಬಿಸಿ ದಾಟಿಸುವ ಪೇಸ್ಟ್ ಒಣಗಿ ಅಂಟಿಕೊಂಡು, ಕೂಲರ್ ಎತ್ತಿದರೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಕಂಪ್ಯೂಟರನ್ನು ಹತ್ತು ನಿಮಿಷ ಹೊರೆ ಕೊಟ್ಟು ಓಡಿಸಿ, ಆರಿಸಿ, ಪ್ಲಗ್ ತೆಗೆದು, ಪೇಸ್ಟ್ ಬೆಚ್ಚಗಿರುವಾಗಲೇ ಸ್ಕ್ರೂ ಬಿಚ್ಚಿ. ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಅಂಟು ಬಿಟ್ಟ ಮೇಲೆಯೇ ಎತ್ತಬೇಕು. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು, ಮಧ್ಯದಲ್ಲಿ.

ಮೊದಲ ಹೆಜ್ಜೆ ಪ್ರೊಸೆಸರ್ ಅಲ್ಲ, ಮೆಮೊರಿ. 3600ರ ಡಿಡಿಆರ್4 ಕೊಂಡು 2133 ಅಥವಾ 2666ರಲ್ಲೇ ವರ್ಷಗಟ್ಟಲೆ ಓಡಿಸುವವರು ಬಹಳ. ಮೆಮೊರಿಯನ್ನು ಕೊಂಡ ವೇಗಕ್ಕೇ ತರುವ ಎಕ್ಸ್‌ಎಂಪಿ ಸೆಟ್ಟಿಂಗನ್ನು ಬಯೋಸ್‌ನಲ್ಲಿ ಆನ್ ಮಾಡಿ. ಏಸಸ್ ಬೋರ್ಡ್‌ಗಳಲ್ಲಿ ಅದರ ಹೆಸರು ಡಿಒಸಿಪಿ. ಎರಡು ಮಾಡ್ಯೂಲ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಲಿ. ಮೆಮೊರಿ ವೋಲ್ಟೇಜ್ 1.35 ಆಗಿದೆಯೇ, ಚಿಪ್ಪಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ 1800 ಮೆಗಾಹರ್ಟ್ಸ್‌ನಲ್ಲಿದೆಯೇ ನೋಡಿ. ಸಿಪಿಯು-ಝಡ್ ಎಂಬ ಮಾಹಿತಿ ತಂತ್ರಾಂಶದಲ್ಲಿ ಮೆಮೊರಿ ವೇಗ 1800 ಎಂದು ಕಂಡರೆ ಗಾಬರಿ ಬೇಡ, ಡಿಡಿಆರ್ ಲೆಕ್ಕದಲ್ಲಿ ಅದರ ಎರಡರಷ್ಟೇ 3600. ಫ್ಯಾಬ್ರಿಕ್ಕನ್ನು ಅದರಾಚೆ 1900ಕ್ಕೆ ಒಯ್ಯಲು ಕೈ ಚಾಚುವುದು ಮೊದಲ ಸಲಕ್ಕೆ ಬೇಡ; ಅನೇಕ ಚಿಪ್‌ಗಳು ಅಲ್ಲಿ ನಿಲ್ಲುವುದಿಲ್ಲ. ಮೆಮೊರಿ ನಿಯಂತ್ರಕ ಇರುವ ಭಾಗಕ್ಕೆ ಸಲ್ಲುವ ಎಸ್‌ಒಸಿ ವೋಲ್ಟೇಜ್ 1.1 ಸಾಕು.

ಇದಾದ ಮೇಲೆ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ನಾಲ್ಕು ಸುತ್ತೂ ಪೂರ್ತಿ. ಒಂದೇ ಒಂದು ದೋಷ ತೋರಿದರೂ ಮೆಮೊರಿಯನ್ನು 3200ಕ್ಕೆ ಇಳಿಸಿ ಮತ್ತೆ ಪರೀಕ್ಷಿಸಬೇಕು. ಪ್ರೊಸೆಸರ್ ಅಸ್ಥಿರವಾದರೆ ಸಾಮಾನ್ಯವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ ತಿಳಿಸುತ್ತದೆ. ಮೆಮೊರಿ ಅಸ್ಥಿರವಾದರೆ ಸದ್ದಿಲ್ಲದೆ ಫೈಲ್ ಕೆಡಿಸಬಹುದು, ತಿಂಗಳಾದ ಮೇಲೆ ಗೊತ್ತಾಗಬಹುದು. ಹಾಗಾಗಿಯೇ ಇದು ಮೊದಲು.

ನಂತರ ಬಯೋಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಎಎಂಡಿ ಓವರ್‌ಕ್ಲಾಕಿಂಗ್ ತೆರೆದು, ಎಚ್ಚರಿಕೆಯನ್ನು ಓದಿ ಒಪ್ಪಿಕೊಳ್ಳಿ. ಓದಿ ಎಂದದ್ದಕ್ಕೆ ಕಾರಣವಿದೆ: ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ, ಎಎಂಡಿಯದೇ ತಂತ್ರಾಂಶ ಬಳಸಿದ್ದರೂ ಅಷ್ಟೇ. ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವ ಮಿತಿಗಳನ್ನು ಬದಲಿಸುವ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಅನ್ನು ಅಡ್ವಾನ್ಸ್‌ಡ್‌ಗೆ ಇಡಿ. ಮಿತಿಗಳ ಆಯ್ಕೆಯಲ್ಲಿ ‘ಮದರ್‌ಬೋರ್ಡ್’ ಎಂಬುದನ್ನು ಆರಿಸಬೇಡಿ. ಅದು ಬೋರ್ಡ್ ತಯಾರಕರು ಹಾಕಿದ ಭಾರಿ ಸಂಖ್ಯೆಗಳನ್ನು ತರುತ್ತದೆ, ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗದ ಮೇಲೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್‌ಗೆ ಅದು ಸಲ್ಲ. ಮ್ಯಾನುಯಲ್ ಆರಿಸಿ. ಮೂಲದಲ್ಲಿ ಪಿಪಿಟಿ (ಒಟ್ಟು ವಿದ್ಯುತ್ ಮಿತಿ) 76 ವ್ಯಾಟ್, ಟಿಡಿಸಿ (ನಿರಂತರ ಕರೆಂಟಿನ ಮಿತಿ) 60 ಆಂಪಿಯರ್, ಇಡಿಸಿ (ಕ್ಷಣಿಕ ಕರೆಂಟಿನ ಮಿತಿ) 90 ಆಂಪಿಯರ್. ಟವರ್ ಕೂಲರ್ ಇದ್ದರೆ 95, 65, 95 ಎಂದು ತುಂಬಿ. ಸ್ಟೆಲ್ತ್ ಇದ್ದರೆ ಮೂಲದ ಸಂಖ್ಯೆಗಳೇ ಇರಲಿ. ಸ್ಕೇಲರ್ ಮುಟ್ಟಬೇಡಿ. ಕರ್ವ್ ಆಪ್ಟಿಮೈಸರ್‌ನಲ್ಲಿ ಆಲ್ ಕೋರ್, ನೆಗೆಟಿವ್, 10.

ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಆರ್23 ತಂತ್ರಾಂಶದ ಹತ್ತು ನಿಮಿಷದ ಪರೀಕ್ಷೆ ಓಡಿಸಿ, ಅಂಕ ಮತ್ತು ಗರಿಷ್ಠ ತಾಪಮಾನ ಬರೆದಿಡಿ. ಮೂಲ ಸೆಟ್ಟಿಂಗ್‌ನಲ್ಲಿ ಅಂಕ ಸುಮಾರು 11,000ದ ಆಸುಪಾಸು ಇರುತ್ತದೆ. ಆಮೇಲೆ ಮೈನಸ್ 15, ಆಮೇಲೆ 20, ಪ್ರತಿ ಹೆಜ್ಜೆಗೂ ಅದೇ ಪರೀಕ್ಷೆ. ತೋರುವ ವೇಗ ಏರಿದರೂ ಅಂಕ ಇಳಿದರೆ ವೋಲ್ಟೇಜ್ ಸಾಲದೆ ಚಿಪ್ ತನ್ನ ಕ್ಲಾಕನ್ನು ಒಳಗೊಳಗೇ ಹಿಗ್ಗಿಸಿ ನಿಜವಾದ ವೇಗವನ್ನು ತಗ್ಗಿಸುತ್ತಿದೆ ಎಂದರ್ಥ. ಎಚ್‌ಡಬ್ಲ್ಯೂ ಇನ್ಫೊದಲ್ಲಿ ‘ಎಫೆಕ್ಟಿವ್ ಕ್ಲಾಕ್’ ಸಾಲು ನಿಜವನ್ನು ತೋರಿಸುತ್ತದೆ.

ಸಿನೆಬೆಂಚ್ ಮುಗಿಯಿತು, ಎಲ್ಲ ಸ್ಥಿರ ಎಂದು ಬಹುತೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಂತರ ಯೂಟ್ಯೂಬ್ ನೋಡುವಾಗಲೋ, ಸುಮ್ಮನೆ ಬಿಟ್ಟಾಗಲೋ ಕಂಪ್ಯೂಟರ್ ದಿಢೀರನೆ ರೀಸ್ಟಾರ್ಟ್ ಆಗುತ್ತದೆ. ಆರೂ ಕೋರ್ ದುಡಿಯುವಾಗ ವೇಗ ತಗ್ಗಿರುತ್ತದೆ, ವೋಲ್ಟೇಜ್ ಕೊರತೆ ಬಯಲಾಗುವುದಿಲ್ಲ. ಹಗುರ ಕೆಲಸದಲ್ಲಿ ಒಂದೇ ಕೋರ್ ತುತ್ತತುದಿಯ ವೇಗಕ್ಕೆ ಜಿಗಿದಾಗಲೇ ಅದು ಕಾಣುವುದು. ಇದಕ್ಕೆ ತಕ್ಕ ಪರೀಕ್ಷೆ ಕೋರ್‌ಸೈಕ್ಲರ್ ಎಂಬ ಉಚಿತ ಉಪಕರಣ. ಒಂದೊಂದೇ ಕೋರ್‌ಗೆ ಹೊರೆ ಕೊಟ್ಟು, ತಪ್ಪಿದ ಕೋರ್ ಯಾವುದೆಂದು ಹೇಳುತ್ತದೆ. ರಾತ್ರಿಯಿಡೀ ಬಿಡಿ. ಕರ್ವ್ ಆಪ್ಟಿಮೈಸರ್‌ನಲ್ಲಿ ಆಲ್ ಕೋರ್ ಬದಲು ಪರ್ ಕೋರ್ ಆರಿಸಿ, ತಪ್ಪಿದ ಕೋರ್‌ಗೆ ಮಾತ್ರ 5 ಅಂಕ ಸಡಿಲಿಸಿ (ಮೈನಸ್ 20 ಇದ್ದರೆ ಮೈನಸ್ 15), ಉಳಿದವನ್ನು ಹಾಗೇ ಇಡಿ. ಎಎಂಡಿಯ ರೈಜನ್ ಮಾಸ್ಟರ್ ತಂತ್ರಾಂಶದಲ್ಲಿ ನಕ್ಷತ್ರದ ಗುರುತು ಇರುವ ಅತ್ಯುತ್ತಮ ಕೋರ್‌ಗಳೇ ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಅವುಗಳಲ್ಲಿ ಕಾರ್ಖಾನೆಯವರು ಬಿಟ್ಟ ಹೆಚ್ಚುವರಿ ಕಡಿಮೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವೀಯಾ ಲಾಗರ್’ (WHEA-Logger, ಹಾರ್ಡ್‌ವೇರ್ ತಪ್ಪಿನ ದಾಖಲೆ) ದೋಷ ಒಂದು ಕಂಡರೂ ಅದು ಎಚ್ಚರಿಕೆಯೇ, ಕಂಪ್ಯೂಟರ್ ಕುಸಿಯದಿದ್ದರೂ ಕೂಡ.

ಇದೆಲ್ಲ ಗಟ್ಟಿಯಾದ ಮೇಲೆ ಬೂಸ್ಟ್ ಓವರ್‌ರೈಡ್‌ಗೆ ಪ್ಲಸ್ 100, ಒಪ್ಪಿದರೆ 200 ಮೆಗಾಹರ್ಟ್ಸ್ ಕೊಡಿ. ಒಂದು ಕೋರ್‌ನ ವೇಗ 4.6ರ ಮಟ್ಟಕ್ಕೆ ಏರುತ್ತದೆ. ಹೆಚ್ಚು ಬೆಲೆಯ 5600ಎಕ್ಸ್‌ನ ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಅದೇ. ಹೊಸ ತುದಿಗೆ ಹೊಸ ಪರೀಕ್ಷೆ ಬೇಕು, ಕೋರ್‌ಸೈಕ್ಲರ್ ಮತ್ತೆ ಮೊದಲಿನಿಂದ.

ಫಲ ಎಷ್ಟು? ವೀಡಿಯೊ ಎನ್‌ಕೋಡಿಂಗ್‌ನಂಥ ಕೆಲಸದಲ್ಲಿ ಕೆಲವೇ ಶೇಕಡಾ ಹೆಚ್ಚು ವೇಗ, ಶೇ. 10 ಮುಟ್ಟುವುದು ಅಪರೂಪ. ಗ್ರಾಫಿಕ್ಸ್ ಕಾರ್ಡ್ ಪೂರ್ಣ ದುಡಿಯುತ್ತಿರುವ 1440ಪಿ ಆಟಗಳಲ್ಲಿ ವ್ಯತ್ಯಾಸ ಕಾಣದು. ಪ್ರೊಸೆಸರ್ ಮೇಲೆ ಹೊರೆ ಬೀಳುವ ಆಟಗಳಲ್ಲಿ ಮಾತ್ರ 2666ರಲ್ಲಿದ್ದ ಮೆಮೊರಿ 3600ಕ್ಕೆ ಬಂದದ್ದು ಅನುಭವಕ್ಕೆ ಬರುತ್ತದೆ. ಆಟವೊಂದೇ ಗುರಿಯಾಗಿದ್ದು ಕೈಯಲ್ಲಿ ದುಡ್ಡಿದ್ದರೆ ಅದೇ ಸಾಕೆಟ್‌ನ 5700ಎಕ್ಸ್3ಡಿಯ 96 ಎಂಬಿ ಕ್ಯಾಶ್ ಈ ಎಲ್ಲ ಶ್ರಮಕ್ಕಿಂತ ಹೆಚ್ಚು ಕೊಡುತ್ತದೆ. ತಂಪಾಗಿ, ಕಡಿಮೆ ಸದ್ದಿನಲ್ಲಿ ಓಡುವ ಯಂತ್ರ ಬೇಕು, ಅದರ ಒಳಗುಟ್ಟನ್ನೂ ಕಲಿಯಬೇಕು ಎನ್ನುವವರಿಗೆ 5600 ಸರಿಯಾದ ಆಯ್ಕೆ.

ಏನೋ ತಪ್ಪಿ ಪರದೆ ಕಪ್ಪಾದರೆ: ಪ್ಲಗ್ ತೆಗೆಯಿರಿ, ಬೋರ್ಡ್ ಮೇಲೆ ಬಯೋಸ್ ಸೆಟ್ಟಿಂಗ್ ಅಳಿಸಲೆಂದೇ ಇರುವ ಕ್ಲಿಯರ್ ಸಿಮಾಸ್ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ, ಅಥವಾ ಬೋರ್ಡ್‌ನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಡಿ. ಎಲ್ಲವೂ ಮೂಲಕ್ಕೆ ಮರಳುತ್ತದೆ. ಒಪ್ಪಿದ ಸಂಖ್ಯೆಗಳನ್ನು ಬಯೋಸ್ ಪ್ರೊಫೈಲ್‌ನಲ್ಲಿ ಉಳಿಸಿದರೆ ಸಾಲದು, ಕಾಗದದಲ್ಲೂ ಇರಲಿ. ಬಯೋಸ್ ಆವೃತ್ತಿ ಬದಲಾದಾಗ ಹಳೆಯ ಪ್ರೊಫೈಲ್ ಸಾಮಾನ್ಯವಾಗಿ ತೆರೆಯುವುದಿಲ್ಲ. ಚಳಿಗಾಲದಲ್ಲಿ ಸ್ಥಿರವೆನಿಸಿದ ಸೆಟ್ಟಿಂಗನ್ನು ಏಪ್ರಿಲ್‌ನ ಸೆಕೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ.