ಹಳೇ ಜೈಲಿನ ಜಾಗ: ಮೊದಲೇ ತೋಡಿ ನೋಡುವುದಾ, ಜೆಸಿಬಿ ಪಕ್ಕ ನಿಂತು ನೋಡುವುದಾ?

ಕಾರವಾರದ ಕಡೆ ಹಳೇ ಜೈಲಿದ್ದ ಜಾಗದಲ್ಲಿ ಹೊಸದು ಕಟ್ಟುವವರಿಗೆ, ನೆಲದಡಿ ಹಳೇ ಅವಶೇಷಗಳಿವೆಯೇ ಎಂದು ನೋಡಲು ಎರಡು ದಾರಿ. ಮುಂಚೆಯೇ ಪರೀಕ್ಷಾ ಗುಂಡಿ ತೋಡಿಸಬಹುದು. ಇಲ್ಲವೇ ಪಾಯ ತೆಗೆಯುವಾಗ ಪುರಾತತ್ವ ತಜ್ಞರನ್ನು ಪಕ್ಕದಲ್ಲಿ ನಿಲ್ಲಿಸಬಹುದು.

ಎರಡನೆಯದಕ್ಕೆ ಖರ್ಚು ಕಡಿಮೆ, ನಿಜ. ಆದರೆ ಚಿರೆಕಲ್ಲಿನ ಹಳೇ ಪಾಯಕ್ಕೂ ನಮ್ಮ ಕೆಂಪು ಮಣ್ಣಿಗೂ ಬಣ್ಣ ಹತ್ತಿರ ಹತ್ತಿರ. ಗುರುತು ಹಿಡಿಯುವಷ್ಟರಲ್ಲಿ ಗೋಡೆ ಬಕೆಟ್ಟಿನೊಳಗೆ! ಗುಂಡಿಯಲ್ಲಾದರೆ ಕರಣೆಯಿಂದ ಪದರ ಪದರವಾಗಿ ಕೆರೆಯುತ್ತಾರೆ. ಸುಣ್ಣದ ಗಾರೆ, ಹೆಂಚಿನ ಚೂರು, ಚರಂಡಿಯ ಸಾಲು ಇದ್ದಲ್ಲೇ ಕಾಣುತ್ತವೆ. ಕಟ್ಟಡದ ನಕ್ಷೆ ಬದಲಿಸಲೂ ಸಮಯ ಸಿಗುತ್ತದೆ. ಕೈದಿಗಳನ್ನು ಅಲ್ಲೇ ಹೂತಿರುವ ಸಾಧ್ಯತೆ ಇದ್ದರಂತೂ ಬೇರೆ ಯೋಚನೆಯೇ ಬೇಡ.

ಹಾಗಾಗಿ ನನ್ನ ಮತ ಗುಂಡಿಗೇ. ಮಳೆಗಾಲ ಮುಗಿದ ಮೇಲೆ ಮಾಡಿಸಿ, ಇಲ್ಲದಿದ್ದರೆ ಸುಮ್ನೆ ನೀರು ತುಂಬುತ್ತದೆ. ಪೈಪಿನ ಸಣ್ಣ ಕಾಲುವೆಗೆ ತಜ್ಞರು ನಿಂತು ನೋಡಿದರೆ ಸಾಕು.

ಪಕ್ಕದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕವಿದ್ದರೆ ಲೆಕ್ಕವೇ ಬೇರೆ: ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ.