ಕ್ಯೂಜಿಐಎಸ್: ಐದು ವರ್ಷ ಪಾಠಕ್ಕೆ ಬಳಸಿದ ಮೇಲೆ

ಬೆಳಗಾವಿಯಲ್ಲಿ ಎಂ.ಎ. ಭೂಗೋಳದ ಹುಡುಗರಿಗೆ ಸ್ಮಾರ್ಟ್ ಸಿಟಿ ಮತ್ತು ನಗರದ ಡೇಟಾ ಬಗ್ಗೆ ಒಂದು ಪೇಪರ್ ಕಲಿಸುತ್ತೇನೆ. ಐದು ವರ್ಷದಿಂದ ಅದರ ಪ್ರಾಕ್ಟಿಕಲ್ ಪೂರ್ತಿ ಕ್ಯೂಜಿಐಎಸ್ ಮೇಲೆಯೇ ನಡೆದಿದೆ. ಮ್ಯಾಪ್ ಮಾಡೋದಕ್ಕೆ, ಆ ಮ್ಯಾಪಿನ ಮೇಲೆ ಲೆಕ್ಕ ಹಾಕೋದಕ್ಕೆ ಇರುವ ಸಾಫ್ಟ್‌ವೇರ್ ಇದು. ಪುಕ್ಕಟೆ. ಲೈಸೆನ್ಸ್ ಗೋಳಿಲ್ಲ, ಹುಡುಗರು ಮನೆಯ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಬಹುದು. ನಿಜ ಹೇಳಬೇಕೆಂದರೆ ನಾನು ಇದನ್ನು ಹಿಡಿದಿದ್ದೇ ದುಡ್ಡು ಕೊಡಬೇಕಾಗಿಲ್ಲ ಅಂತ. ಇಷ್ಟ ಆಗಿದ್ದು ಆಮೇಲೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿ ಬಂತಲ್ಲ, ಅದರಲ್ಲಿ ಕರ್ನಾಟಕದಿಂದ ಇದ್ದಿದ್ದು ಬೆಳಗಾವಿ, ದಾವಣಗೆರೆ ಎರಡೇ. ಹಾಗಾಗಿ ಸ್ಮಾರ್ಟ್ ಸಿಟಿ ಅಂದ್ರೇನು ಅಂತ ಮೊದಲ ಕ್ಲಾಸಿನಲ್ಲಿ ಕೇಳಿದರೆ ನಮ್ಮ ಹುಡುಗರ ಹತ್ತಿರ ಉತ್ತರ ತಯಾರಾಗಿಯೇ ಇರುತ್ತದೆ: ಎಲ್‌ಇಡಿ ದೀಪ, ಕ್ಯಾಮೆರಾ, ಫುಟ್‌ಪಾತು, ಅಗೆದಿಟ್ಟ ರಸ್ತೆ. ಡೇಟಾ ಅಂತ ಯಾರೂ ಹೇಳಲ್ಲ.

ಅದಕ್ಕೇ ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಫೋನ್ ಹಿಡ್ಕೊಂಡು ಹೋಗಿ, ನಿಮ್ಮ ಏರಿಯಾದ ಬಸ್ ಸ್ಟಾಪುಗಳ ಅಕ್ಷಾಂಶ ರೇಖಾಂಶ ಬರ್ಕೊಂಡು ಬನ್ನಿ ಅಂತ ಕಳಿಸುತ್ತೇನೆ. ಎರಡನೇ ವಾರ ಅದನ್ನು ಕ್ಯೂಜಿಐಎಸ್‌ಗೆ ಹಾಕುತ್ತಾರೆ. ಪ್ರತಿ ವರ್ಷ ಒಬ್ಬರಾದರೂ ಕೂಗುತ್ತಾರೆ, "ಸರ, ನಮ್ಮ ಬಸ್ ಸ್ಟಾಪೆಲ್ಲಾ ಸಮುದ್ರದಾಗ ಬಿದ್ದಾವ್ರಿ!" ಎಕ್ಸ್ ಕಾಲಂಗೆ ರೇಖಾಂಶ ಹೋಗಬೇಕು, ವೈ ಕಾಲಂಗೆ ಅಕ್ಷಾಂಶ. ಅದಲು ಬದಲಾದರೆ ಅಕ್ಷಾಂಶ 15.85, ರೇಖಾಂಶ 74.5ರ ಆಸುಪಾಸಿನ ಬೆಳಗಾವಿ ಸೀದಾ ಹೋಗಿ ನಾರ್ವೆಗೂ ಸ್ವಾಲ್ಬಾರ್ಡ್‌ಗೂ ನಡುವಿನ ಸಮುದ್ರದಲ್ಲಿ ಬೀಳುತ್ತದೆ. ಸಾಫ್ಟ್‌ವೇರ್ ಒಂದು ಮಾತೂ ಆಡಲ್ಲ. ಕೊಟ್ಟಿದ್ದನ್ನು ನಂಬುತ್ತದೆ, ನೀಟಾಗಿ ಚುಕ್ಕಿ ಇಡುತ್ತದೆ.

ಇದರ ಜೊತೆ ಐದು ವರ್ಷ ಕಳೆದ ಮೇಲೆ ನನಗೆ ಅನ್ನಿಸೋದು, ಪಾಠಕ್ಕೆ ಇದು ಒದಗಿ ಬರೋದು ಈ ಮೌನದಿಂದಲೇ. ತಪ್ಪು ಡೇಟಾ ಕೊಟ್ಟರೂ ಚೆಂದದ ಮ್ಯಾಪೇ ಬರುತ್ತದೆ. ಸಮುದ್ರದಲ್ಲಿ ಬಿದ್ದರೆ ಯಾರಿಗಾದರೂ ಕಾಣುತ್ತದೆ. ಕಾಣದೇ ಇರುವ ತಪ್ಪು ಹಿಡಿಯೋದೇ ಕಷ್ಟ.

ನಮ್ಮೂರಿನ ಟಿಳಕವಾಡಿ ಏರಿಯಾದ್ದೇ ತಗೊಳ್ಳಿ. ಪ್ರತಿ ಬಸ್ ಸ್ಟಾಪಿನ ಸುತ್ತ 500 ಮೀಟರ್ ವೃತ್ತ ಎಳೆದು, ಅದರೊಳಗೆ ಎಷ್ಟು ಮನೆ ಬರುತ್ತವೆ ಅಂತ ನೋಡೋದು ಎಲ್ಲಾ ಕಡೆ ಕಲಿಸುವ ಲೆಕ್ಕ. ಇದಕ್ಕೆ ಬಫರ್ ಅನ್ನುವ ಟೂಲ್ ಇದೆ. (ಮೊದಲು ಲೇಯರನ್ನು, ಅಂದ್ರೆ ಮ್ಯಾಪಿನ ಆ ಪದರವನ್ನು, ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ಅನ್ನುವ ಪದ್ಧತಿಗೆ ಬದಲಾಯಿಸಿಕೊಳ್ಳಬೇಕು, ಇಲ್ಲಾಂದ್ರೆ 500 ಅಂದಿದ್ದನ್ನು ಡಿಗ್ರಿ ಅಂತ ತಿಳ್ಕೊಳ್ಳುತ್ತದೆ. ಒಂದು ಡಿಗ್ರಿ ಅಂದ್ರೆ ಹತ್ತಿರ ಹತ್ತಿರ 111 ಕಿಲೋಮೀಟರ್!) ವೃತ್ತ ಬಂತು, ಏರಿಯಾ ಪೂರ್ತಿ ಹಸಿರಾಯಿತು, ಎಲ್ಲರಿಗೂ ಬಸ್ ಹತ್ತಿರ ಅಂತ ಒಂದು ತಂಡ ರಿಪೋರ್ಟನ್ನೂ ಬರೆದುಬಿಟ್ಟಿತು. ಆಗ ಅಲ್ಲೇ ಇರುವ ಒಬ್ಬ ಹುಡುಗಿ ಎದ್ದು, "ಸರ, ನಡುವ ರೈಲ್ವೆ ಲೈನ್ ಐತಲ್ರಿ" ಅಂದಳು. ಹೌದಲ್ಲ! ವೃತ್ತಕ್ಕೆ ಹಳಿ ಗೊತ್ತಿಲ್ಲ. ಗೇಟ್ ಇರುವ ಕಡೆಗೇ ಹೋಗಿ ದಾಟಬೇಕು. ಆಮೇಲೆ ಜನರೇ ಸೇರಿ ಮಾಡಿದ ಪುಕ್ಕಟೆ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳನ್ನು ಇಳಿಸಿಕೊಂಡು, ಸರ್ವಿಸ್ ಏರಿಯಾ ಅನ್ನುವ ಟೂಲಿನಲ್ಲಿ ರಸ್ತೆ ಹಿಡಿದು ನಡೆಯುವ ದೂರ ಅಳೆದೆವು. ವೃತ್ತದೊಳಗೇ ಇದ್ದ ಕೆಲವು ಮನೆಗಳಿಗೆ ಸ್ಟಾಪು ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ. ಗೇಟ್ ಬಿದ್ದಿದ್ದರೆ ಕಾಯೋ ಹೊತ್ತು ಬೇರೆ. ಬಗ್ಗಿ ದಾಟುವವರ ಲೆಕ್ಕ ಯಾವ ಲೇಯರಿನಲ್ಲೂ ಇಲ್ಲ, ಬಿಡಿ.

ಎತ್ತರದ ಲೆಕ್ಕವೂ ಹೀಗೇ. ಪುಕ್ಕಟೆ ಸಿಗುವ 30 ಮೀಟರ್ ಡೇಟಾದಲ್ಲಿ ನಮ್ಮ ಬೆಳಗಾವಿಯದೇ ಬಳ್ಳಾರಿ ನಾಲಾ ಹುಡುಕಿದರೆ ಸರಿಯಾಗಿ ಕಾಣುವುದೇ ಇಲ್ಲ. ಒಂದು ಚೌಕವೇ 30 ಮೀಟರ್ ಅಗಲ, ನಾಲಾ ಅದಕ್ಕಿಂತ ಸಣ್ಣದು. ಮಳೆಗಾಲದಲ್ಲಿ ಹೊಲಕ್ಕೆ ನೀರು ನುಗ್ಗಿದವರಿಗೆ ಮಾತ್ರ ಅದು ಚೆನ್ನಾಗಿ ಕಾಣುತ್ತದೆ.

ಇನ್ನು ಬೈಗುಳ. ನಮ್ಮ ಲ್ಯಾಬಿನ 4 ಜಿಬಿ ಮಷೀನುಗಳಲ್ಲಿ ಇದು ತೆವಳುತ್ತದೆ. ತಾನಾಗಿ ಸೇವ್ ಮಾಡಿಕೊಳ್ಳುವುದಿಲ್ಲ. ಅದಕ್ಕಿಂತ ಮೋಸ ಅಂದ್ರೆ ತಾತ್ಕಾಲಿಕ ಲೇಯರು: ಟೂಲ್ ಓಡಿಸಿದಾಗ ಬರುವ ಉತ್ತರ ಬರೀ ಮೆಮೊರಿಯಲ್ಲಿ ಇರುತ್ತದೆ. ಪ್ರಾಜೆಕ್ಟ್ ಸೇವ್ ಮಾಡಿದರೂ ಆ ಲೇಯರ್ ಸೇವ್ ಆಗಿರುವುದಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಇಡೀ ಬ್ಯಾಚಿನ ಮೂರು ತಾಸಿನ ಕೆಲಸ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಅದು ಸಾಫ್ಟ್‌ವೇರಿನ ತಪ್ಪಲ್ಲ ಅಂತ ಒಪ್ತೀನಿ.

ಕನ್ನಡದ ವಿಷಯ. ಮ್ಯಾಪಿನ ಮೇಲೆ ಕನ್ನಡ ಲೇಬಲ್ ಚೆನ್ನಾಗಿಯೇ ಬರುತ್ತದೆ, ಒತ್ತಕ್ಷರ ಒಡೆಯಲ್ಲ. ಆದರೆ ಒಂದು ಕಚೇರಿಯಿಂದ ತಂದ ವಾರ್ಡ್ ಪಟ್ಟಿ ಹಳೇ ನುಡಿ ಫಾಂಟಿನಲ್ಲಿತ್ತು, ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ. ಯೂನಿಕೋಡ್ ಮಾಡಿಕೊಳ್ಳಲು ಎರಡು ದಿನ ಹೋಯಿತು. ಮ್ಯಾಪಿನ ಡೇಟಾ ಇಡುವ ಹಳೇ ಫೈಲ್ ನಮೂನೆ ಶೇಪ್‌ಫೈಲ್ ಇನ್ನೊಂದು ತಲೆನೋವು. ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ, ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಅಲ್ಲಿಗೆ "ವಾರ್ಡ್" ಅಂತ ಬರೆಯೋದಕ್ಕೂ ಜಾಗ ಸಾಲದು. ಸಾಲದ್ದಕ್ಕೆ ಇದು ನಾಲ್ಕೈದು ಫೈಲಿನ ಗುಂಪು, ಹುಡುಗರು ವಾಟ್ಸಾಪಿನಲ್ಲಿ ಅದರಲ್ಲಿ ಒಂದನ್ನು ಮಾತ್ರ ಕಳಿಸಿ "ಓಪನ್ ಆಗವಲ್ದ್ರಿ" ಅಂತಾರೆ. ಎಲ್ಲಾ ಒಂದೇ ಫೈಲಿನಲ್ಲಿ ಇಡುವ ಜಿಯೋಪ್ಯಾಕೇಜ್ ನಮೂನೆ ಬಳಸಿ, ಎರಡೂ ಗೋಳು ತಪ್ಪುತ್ತದೆ.

ವಾರ್ಡುವಾರು ಜನಸಂಖ್ಯೆ ಬೇಕೆಂದರೆ ಈಗಲೂ 2011ರ ಜನಗಣತಿಯೇ ಗತಿ. ಆಮೇಲೆ ವಾರ್ಡ್ ಗಡಿಗಳು ಬದಲಾಗಿವೆ, ಈಗಿನ 58 ವಾರ್ಡುಗಳ ಮೇಲೆ ಹಳೇ ಅಂಕಿ ಕೂರಲ್ಲ. ಕೂರಿಸಿದರೆ ಕ್ಯೂಜಿಐಎಸ್ ಬೇಡ ಅನ್ನಲ್ಲ, ಬಣ್ಣ ತುಂಬಿ ಕೊಡುತ್ತದೆ. ನಾನೀಗ ಪ್ರತಿ ಮ್ಯಾಪಿನ ಮೂಲೆಯಲ್ಲಿ ಡೇಟಾ ಯಾವ ವರ್ಷದ್ದು ಅಂತ ಬರೆಯದಿದ್ದರೆ ಎರಡು ಮಾರ್ಕು ಕಳೆಯುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಹೊಸದಾಗಿ ಹಾಕಿಕೊಳ್ಳುವವರು ತೀರಾ ಹೊಸ ವರ್ಷನ್ ಬಿಟ್ಟು, ಹೆಚ್ಚು ಕಾಲ ದೋಷ ತಿದ್ದುತ್ತಾ ಹೋಗುವ ಲಾಂಗ್ ಟರ್ಮ್ ರಿಲೀಸ್ ತಗೊಳ್ಳಿ, ಲ್ಯಾಬಿನ ಎಲ್ಲಾ ಮಷೀನಿಗೂ ಅದನ್ನೇ ಹಾಕಿ. ಯುಪಿಎಸ್ ಕೂಡ ಒಮ್ಮೆ ನೋಡ್ಕೊಳ್ಳಿ.